ಎರಡೇ ಕ್ಲಾಸು, ಆದ್ರೆ ಬೋಗಿ ಎಲ್ಲಾ ಒಂದೇ ತರ ಅಲ್ಲ

ಇಂಗ್ಲೆಂಡ್ ರೈಲಲ್ಲೂ ಸ್ಲೀಪರ್, ಥರ್ಡ್ ಎಸಿ, ಜನರಲ್ ಅಂತ ಇರುತ್ತಾ, ಲಂಡನ್ನಿಂದ ಲೀಡ್ಸ್‌ಗೆ ಎರಡು ದೊಡ್ಡ ಸೂಟ್‌ಕೇಸ್ ಹಿಡಿದು ಹೋಗೋಕೆ ಯಾವುದು ಬುಕ್ ಮಾಡಲಿ ಅಂತ ಕೇಳಿದ್ದೀರಿ. ಸ್ಟ್ಯಾಂಡರ್ಡ್ ತಗೊಳ್ಳಿ. ಆ ದಾರಿಯಲ್ಲಿ ಇರೋದು ಅದು ಮತ್ತು ಫಸ್ಟ್ ಮಾತ್ರ. 1987ರವರೆಗೆ ಸ್ಟ್ಯಾಂಡರ್ಡ್‌ಗೆ ಸೆಕೆಂಡ್ ಕ್ಲಾಸ್ ಅಂತ ಹೆಸರಿತ್ತು, ಆದರೆ ಅದನ್ನು ನಮ್ಮ ಜನರಲ್ ಬೋಗಿ ಅಂದುಕೊಂಡು ಹೆದರಬೇಡಿ, ಎಸಿನೂ ಇರುತ್ತದೆ, ಮೆತ್ತನೆ ಸೀಟೂ ಇರುತ್ತದೆ. ಮಲಗುವ ಬೋಗಿ ಬೇಕೆಂದರೆ ಲಂಡನ್ನಿಂದ ಸ್ಕಾಟ್ಲೆಂಡಿಗೋ ಪೆನ್‌ಜಾನ್ಸ್‌ಗೋ ಹೋಗುವ ರಾತ್ರಿ ರೈಲು ಹತ್ತಬೇಕು.

ಹಾಂ, ಯಾರನ್ನಾದರೂ ಕೇಳುವಾಗ ಕೋಚ್ ಅನ್ನಿ. ಇಲ್ಲಿಯವರಿಗೆ ಬೋಗಿ ಅಂದರೆ ಡಬ್ಬಿಯ ಕೆಳಗಿರುವ ಚಕ್ರದ ಚೌಕಟ್ಟು.

ವ್ಯತ್ಯಾಸ ಇರೋದು ಕ್ಲಾಸಿಗಿಂತ ಜಾಸ್ತಿ ರೈಲಿನಲ್ಲಿ. ದೂರ ಹೋಗುವ ರೈಲಿನ ಕೋಚ್‌ಗೆ ಬಾಗಿಲು ಎರಡು ತುದಿಯಲ್ಲಿ, ಸಾಮಾನಿಗೆ ಬೇರೆ ಜಾಗ, ಸೀಟು ಎರಡು ಎರಡು. ದಿನಾ ಕೆಲಸಕ್ಕೆ ಓಡಾಡುವವರ ರೈಲಿನಲ್ಲಿ ಅಗಲದ ಬಾಗಿಲು ನಡುವೆಯೇ ಇರುತ್ತದೆ, ಕೆಲವದರಲ್ಲಿ ಒಂದು ಕಡೆ ಮೂವರು ಒತ್ತಿಕೊಂಡು ಕೂರಬೇಕು, ಸೂಟ್‌ಕೇಸ್ ಇಟ್ಟರೆ ಎಲ್ಲರಿಗೂ ಅಡ್ಡ. ನಾನು ಬಂದ ಹೊಸದರಲ್ಲಿ ಲೀಡ್ಸ್ ಸುತ್ತಮುತ್ತ ಪೇಸರ್ ಅಂತ ರೈಲು ಓಡುತ್ತಿತ್ತು. ಬಸ್ಸಿನ ಮೈಯನ್ನೇ ತಂದು ನಾಲ್ಕು ಚಕ್ರದ ಮೇಲೆ ಕೂರಿಸಿದ್ದರು, ತಿರುವಿನಲ್ಲಿ ಕೀರ್ ಅಂತ ಕಿವಿ ಕೊರೆಯುತ್ತಿತ್ತು. ಉತ್ತರದಲ್ಲಿ ಅವು 2020ಕ್ಕೆ ಮುಗಿದವು, ಒಳ್ಳೆಯದೇ ಆಯಿತು.

ನಿಮಗೆ ಸಿಗೋದು ಬಹುತೇಕ ಹಿಟಾಚಿಯವರು ಮಾಡಿದ ಅಜುಮಾ ಅನ್ನೋ ರೈಲು, ಎರಡೂಕಾಲು ಗಂಟೆ ದಾರಿ. ಸೀಟಿನ ಮೇಲೆ ದೀಪ ಇರುತ್ತದೆ: ಹಸಿರು ಖಾಲಿ, ಕೆಂಪು ಬುಕ್ ಆಗಿದೆ, ಹಳದಿ ಇದ್ದರೆ ಮುಂದೆ ಯಾವುದಾದರೂ ಸ್ಟೇಷನ್ನಿನಲ್ಲಿ ಯಾರೋ ಬಂದು ಕೇಳಬಹುದು. ಇದರಲ್ಲಿ ಒಂಬತ್ತು ಕೋಚಿನದೂ ಇದೆ, ಐದರದೂ ಇದೆ. ಎರಡು ಐದನ್ನು ಜೋಡಿಸಿದ್ದರೆ ಒಳಗಿಂದ ಆ ಕಡೆ ದಾಟಲು ಆಗಲ್ಲ, ಅದಕ್ಕೇ ಹತ್ತುವ ಮೊದಲೇ ಕೋಚಿನ ಅಕ್ಷರ ನೋಡಿ.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಇಲ್ಲಿ ಕೆಲವು ರೈಲು ನಡುದಾರಿಯಲ್ಲಿ ಎರಡಾಗುತ್ತವೆ. ಮಗುವನ್ನು ಕರೆದುಕೊಂಡು ಪೋರ್ಟ್ಸ್‌ಮತ್‌ಗೆ ಹೊರಟವಳು ಹಾರ್ಶಮ್‌ನಲ್ಲಿ ರೈಲು ಬೇರೆಯಾದದ್ದು ಗೊತ್ತಾಗದೆ ಬಾಗ್ನರ್‌ನಲ್ಲಿ ಇಳಿದೆ. ಕತ್ತಲಾಗಿತ್ತು, ಮಗು ಅಳುತ್ತಿತ್ತು, ತುಂಬಾ ಭಯ ಆಗಿತ್ತು.

ನೀವು ರೈಲು ಹತ್ತುವ ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ನಂಬರ್ ಕೊನೆ ಗಳಿಗೆಯಲ್ಲಿ ಬೋರ್ಡಿಗೆ ಬರುತ್ತದೆ, ಎಲ್ಲರೂ ಒಟ್ಟಿಗೆ ಓಡುತ್ತಾರೆ. ಕೂಲಿಗಳು ಇರುವುದಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ ಬೋರ್ಡಿನ ಹತ್ತಿರ ನಿಂತಿರಿ, ಹತ್ತಿದ ಕೂಡಲೇ ಮೊದಲು ಸೂಟ್‌ಕೇಸ್ ರ‍್ಯಾಕಿಗೆ ಹಾಕಿ, ಆಮೇಲೆ ಸೀಟು ಹುಡುಕಿ.