ಕಾನೂನು ಸಲಹೆ: ಬಂದೂಕು ಸಿಕ್ಕಿದರೆ ರುಜುವಾತಿನ ಹೊಣೆ ಯಾರದು?

ಪ್ರಶ್ನೆ: ನಮ್ಮ ಭಾವನ ತೋಟದ ಮನೆಯ ಅಟ್ಟದಲ್ಲಿ ತಾತನ ಕಾಲದ ಮದ್ದು ತುಂಬುವ ಬಂದೂಕು ಸಿಕ್ಕಿತೆಂದು ಪೊಲೀಸರು ಕೇಸು ಹಾಕಿದ್ದಾರೆ. ತೋಟದಲ್ಲಿ ಪಾಲಿದೆ ಎಂದು ಭಾವನ ತಮ್ಮನನ್ನೂ ಎರಡನೇ ಆರೋಪಿ ಮಾಡಿದ್ದಾರೆ. ಲೈಸೆನ್ಸ್ ಇಲ್ಲ, ಬಂದೂಕು ತುಕ್ಕು ಹಿಡಿದಿದೆ. ‘ತಪ್ಪಿಲ್ಲ ಅಂತ ನೀವೇ ಸಾಬೀತು ಮಾಡ್ಬೇಕು’ ಎನ್ನುತ್ತಾರೆ ಊರಿನವರು. ನಿಜವೇ?
– ಓದುಗರು, ಮಧುಗಿರಿ ತಾಲ್ಲೂಕು

ಉತ್ತರ: ಲೈಸೆನ್ಸ್ ಒಂದರ ಮಟ್ಟಿಗೆ ನಿಜ, ಉಳಿದದ್ದಕ್ಕೆ ಅಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 104ನೇ ಕಲಂ ಪ್ರಕಾರ ಆರೋಪ ಹೊರಿಸಿದವರೇ ರುಜುವಾತು ಮಾಡಬೇಕು. ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ತೋರಿಸಬೇಕು ಎನ್ನುತ್ತದೆ 109ನೇ ಕಲಂ. ಅದಕ್ಕೆ ಕಾನೂನೇ ಕೊಟ್ಟ ಉದಾಹರಣೆ ರೈಲು ಟಿಕೆಟ್: ಟಿಕೆಟ್ ಇತ್ತೆಂದು ಪ್ರಯಾಣಿಕನೇ ತೋರಿಸಬೇಕು. ಬಂದೂಕಿನ ಲೈಸೆನ್ಸ್ ಕೂಡ ಹಾಗೆಯೇ. ಆದರೆ ಆತ ರೈಲಿನಲ್ಲಿದ್ದ ಎಂಬುದನ್ನು ಮೊದಲು ಎದುರಿನವರು ತೋರಿಸಿರಬೇಕಲ್ಲವೇ? ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದೇ ನಿಯಮ 106ನೇ ಕಲಮಿನಲ್ಲಿತ್ತು. ಅಭಿಯೋಜನೆಯ, ಅಂದರೆ ಕೇಸು ನಡೆಸುವ ಸರ್ಕಾರಿ ಪಕ್ಷದ ಮೂಲ ಹೊಣೆಯನ್ನು ಅದು ಇಳಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1956ರಲ್ಲೇ ಶಂಭುನಾಥ್ ಮೆಹ್ರಾ ಪ್ರಕರಣದಲ್ಲಿ ಹೇಳಿದೆ.

ಇಂಥ ಕೇಸು ಸಾಮಾನ್ಯವಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 25(1ಬಿ)(ಎ) ಕಲಂ ಕೆಳಗೆ ಬೀಳುತ್ತದೆ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ, ಜೊತೆಗೆ ದಂಡ. ಹಳೇ ಬಂದೂಕು ತಾನೇ ಎಂದು ಹಗುರವಾಗಿ ತೆಗೆದುಕೊಳ್ಳುವ ಕೇಸಲ್ಲ ಇದು.

ಇಡೀ ವಿಚಾರಣೆ ‘ಸ್ವಾಧೀನ’ ಎಂಬುದರ ಸುತ್ತ ನಡೆಯುತ್ತದೆ. ವಸ್ತು ಅಲ್ಲಿದೆ ಎಂಬ ಅರಿವು ಇರಬೇಕು, ಅದರ ಮೇಲೆ ಹಿಡಿತವೂ ಇರಬೇಕು. ಕೈಯಲ್ಲೇ ಇರಬೇಕೆಂದಿಲ್ಲ. ಸುಪ್ರೀಂ ಕೋರ್ಟಿನ 1972ರ ಗುಣವಂತಲಾಲ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಹಾಗಾಗಿ ಅಟ್ಟಕ್ಕೆ ಯಾರು ಹತ್ತುತ್ತಿದ್ದರು, ತೋಟದ ಮನೆಯ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು, ಬಂದೂಕಿನ ಜೊತೆ ಮದ್ದು, ಅದನ್ನು ಹೊತ್ತಿಸುವ ಕೇಪು ಏನಾದರೂ ಸಿಕ್ಕಿತೇ ಎಂಬ ಪ್ರಶ್ನೆಗಳೇ ಕೇಸನ್ನು ತೀರ್ಮಾನಿಸುತ್ತವೆ. ಪಾಟೀಸವಾಲಿನಲ್ಲಿ ವಕೀಲರು ಇವನ್ನು ಬಿಟ್ಟರೆ ಆಮೇಲೆ ಸರಿಪಡಿಸುವುದು ಕಷ್ಟ.

ಎರಡನೇ ಆರೋಪಿಗೆ ಅಪಾಯ ಶಸ್ತ್ರಾಸ್ತ್ರ ಕಾಯ್ದೆಯ 35ನೇ ಕಲಮಿನದು. ಹಲವರ ಜಂಟಿ ವಶದಲ್ಲಿರುವ ಜಾಗದಲ್ಲಿ ಆಯುಧ ಸಿಕ್ಕರೆ, ಅದು ಅಲ್ಲಿದೆಯೆಂದು ಗೊತ್ತಿತ್ತು ಎಂದು ನಂಬಲು ಕಾರಣವಿರುವ ಪ್ರತಿಯೊಬ್ಬರೂ, ಅದಲ್ಲವೆಂದು ರುಜುವಾತಾಗದ ಹೊರತು, ಹೊಣೆಗಾರರು. ಗಮನಿಸಿ: ‘ನಂಬಲು ಕಾರಣ’ ತೋರಿಸುವುದು ಅಭಿಯೋಜನೆಯ ಕೆಲಸ. ಪಹಣಿಯಲ್ಲಿ ಹೆಸರಿದೆ ಎಂಬುದೊಂದೇ ಅದಕ್ಕೆ ಸಾಲದು ಎಂದು ಬಲವಾಗಿ ವಾದಿಸಬಹುದು. ತಮ್ಮ ಬೇರೆ ಊರಲ್ಲಿದ್ದರೆ ಬಾಡಿಗೆ ಕರಾರು, ಹಾಜರಿ ಪುಸ್ತಕದ ನಕಲು ಈಗಲೇ ತೆಗೆದಿಡಿ. ಆರೋಪಿಯ ಮೇಲೆ ಹೊಣೆ ಬಂದಾಗಲೂ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ಅವನು ಹೇಳುವುದೇ ಹೆಚ್ಚು ಸಂಭವನೀಯ ಎಂದು ಕಂಡರೆ ಸಾಕು.

ಇನ್ನು ಕಾಗದಪತ್ರ. ಜಪ್ತಿ ಮಹಜರಿನಲ್ಲಿ ಬರೆದ ನಳಿಗೆಯ ಉದ್ದ, ಗುರುತು, ಪಿ.ಎಫ್. (ಪ್ರಾಪರ್ಟಿ ಫಾರಂ, ಅಂದರೆ ಜಪ್ತಿ ವಸ್ತುಗಳ ಪಟ್ಟಿ) ನಂಬರ್, ಅರಗಿನ ಸೀಲಿನ ಅಕ್ಷರ ಇವೆಲ್ಲ ಪ್ರಯೋಗಾಲಯದ ವರದಿಯಲ್ಲೂ ಹಾಗೇ ಇವೆಯೇ ಎಂದು ಸಾಲುಸಾಲಾಗಿ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಪರೀಕ್ಷೆಯಾದದ್ದು ಇದೇ ಬಂದೂಕೇ ಎಂಬ ಸಂಶಯ ಏಳುತ್ತದೆ, ಸಂಶಯದ ಲಾಭ ಆರೋಪಿಗೆ. ಶೋಧ ಮತ್ತು ಜಪ್ತಿಯನ್ನು ಆಡಿಯೋ-ವಿಡಿಯೋ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಅದರ ಪ್ರತಿ ಕೇಳಿ. ಪಂಚರು, ಅಂದರೆ ಮಹಜರಿನ ಸಾಕ್ಷಿಗಳು ತಿರುಗಿಬಿದ್ದರೆ ಕೇಸು ಬಿದ್ದೇಹೋಯಿತು ಎಂದು ಅನೇಕರು ನಂಬಿದ್ದಾರೆ, ಅದು ತಪ್ಪು. ಪೊಲೀಸರ ಸಾಕ್ಷ್ಯ ನಂಬುವಂತಿದ್ದರೆ ಅದರ ಮೇಲೂ ಶಿಕ್ಷೆಯಾಗಬಹುದು. ಠಾಣೆಯಲ್ಲಿ ಬರೆಸಿಕೊಂಡ ಸ್ವ-ಇಚ್ಛಾ ಹೇಳಿಕೆಯಲ್ಲಿ ‘ಹಂದಿ ಹೊಡೆಯಲು ನಾನೇ ಇಟ್ಟಿದ್ದೆ’ ಎಂದಿದ್ದರೆ ಆ ತಪ್ಪೊಪ್ಪಿಗೆ ಭಾವನ ವಿರುದ್ಧ ಸಾಕ್ಷ್ಯವಾಗದು. ಹೇಳಿಕೆಯಿಂದಲೇ ವಸ್ತು ಪತ್ತೆಯಾಗಿದ್ದರೆ, ಪತ್ತೆಗೆ ಕಾರಣವಾದ ಮಾತಷ್ಟೇ ಒಪ್ಪಿತವಾಗುತ್ತದೆ.

ಶಸ್ತ್ರಾಸ್ತ್ರ ಕಾಯ್ದೆಯ 39ನೇ ಕಲಂ ಮರೆಯಬೇಡಿ. ಜಿಲ್ಲಾ ದಂಡಾಧಿಕಾರಿಯ, ಅಂದರೆ ಜಿಲ್ಲಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಈ ಮೊಕದ್ದಮೆ ಹೂಡುವಂತಿಲ್ಲ. ಆ ಆದೇಶದ ತಾರೀಖನ್ನೂ ನ್ಯಾಯಾಲಯ ಕೇಸನ್ನು ಪರಿಗಣನೆಗೆ ತೆಗೆದುಕೊಂಡ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಿ.

ತುಕ್ಕಿನ ಮಾತು: 45ನೇ ಕಲಂ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಬಳಸಲಾಗದ ಆಯುಧಕ್ಕೆ. ಬಂದೂಕಿನ ಕುದುರೆ ಜಾಮ್ ಆಗಿದೆ, ಎಣ್ಣೆ ಹಾಕಿದರೆ ಸಡಿಲಾಗುತ್ತದೆ ಎಂದರೆ ವಿನಾಯಿತಿ ಸಿಗದು. ನಳಿಗೆಯೇ ಸೀಳಿದೆಯೇ, ತೂತು ಬಿದ್ದಿದೆಯೇ, ಪ್ರಯೋಗಾಲಯದಲ್ಲಿ ನಿಜವಾಗಿ ಹಾರಿಸಿ ನೋಡಿದರೇ ಎಂದು ತಜ್ಞರನ್ನು ಕೇಳಿಸಿ.

ಪ್ರಶ್ನೆ: ಮಗ ಎಫ್-1 ವೀಸಾದಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾನೆ. ಗೆಳೆಯರು ಶೂಟಿಂಗ್ ರೇಂಜ್‌ಗೆ ಕರೆಯುತ್ತಾರಂತೆ. ಅಲ್ಲಿ ಬಂದೂಕಿಗೆ ಅಡ್ಡಿಯಿಲ್ಲವಲ್ಲ? ಕೇಸಾದರೆ ಜ್ಯೂರಿ ಹೇಗೆ ತೀರ್ಮಾನಿಸುತ್ತದೆ?
– ಓದುಗರು, ಚಿಂತಾಮಣಿ

ಉತ್ತರ: ಅಡ್ಡಿಯಿದೆ, ದಯವಿಟ್ಟು ಇಂದೇ ಮಗನಿಗೆ ಹೇಳಿ. ಅಲ್ಲಿನ ಕೇಂದ್ರ ಕಾನೂನಿನ 922(ಜಿ)(5) ಕಲಂ ಪ್ರಕಾರ ವಿದ್ಯಾರ್ಥಿ ವೀಸಾದಂಥ ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಊರ್ಜಿತ ಬೇಟೆ ಲೈಸೆನ್ಸ್ ಇರುವವರಂಥ ಕೆಲವರಿಗಷ್ಟೇ ವಿನಾಯಿತಿ. 2022ರಿಂದ ಗರಿಷ್ಠ ಶಿಕ್ಷೆ 15 ವರ್ಷ, ಮೇಲೆ ಗಡೀಪಾರಿನ ಭಯ.

ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಗೆ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡಕ್ಕೆ, ಜಾಗವನ್ನೇ ಇಡಲಿಲ್ಲ. ಅಲ್ಲಿ ಸಂಗತಿ ನಿಜವೋ ಸುಳ್ಳೋ ಎಂದು ಹೇಳುವುದು ಜ್ಯೂರಿ, ಕಾನೂನು ಏನೆಂದು ಹೇಳುವುದು ನ್ಯಾಯಾಧೀಶರು. ಅಪರಾಧದ ಒಂದೊಂದು ಅಂಶವನ್ನೂ ಸರ್ಕಾರ ಸಂಶಯಾತೀತವಾಗಿ ಸಾಬೀತು ಮಾಡಿರಬೇಕು, ಆರೋಪಿ ಸಾಕ್ಷಿ ನುಡಿಯದಿದ್ದರೆ ಅದನ್ನು ಅವನ ವಿರುದ್ಧ ಎಣಿಸಬಾರದು, ಬಂದೂಕಿನ ಹತ್ತಿರ ಇದ್ದ ಮಾತ್ರಕ್ಕೆ ಸ್ವಾಧೀನವಾಗದು ಎಂಬಂಥ ಸೂಚನೆಗಳನ್ನು ಅವರು ಜ್ಯೂರಿಗೆ ಕೊಡುತ್ತಾರೆ. ಒಂದು ಸಾಲು ತಪ್ಪಿದರೂ ತೀರ್ಪು ಉರುಳಬಹುದು. ರೆಹೈಫ್ ಎಂಬ ವಿದ್ಯಾರ್ಥಿಯನ್ನು ಕಾಲೇಜಿನಿಂದ ತೆಗೆದುಹಾಕಿದ್ದರಿಂದ ಅವನ ವೀಸಾ ಸ್ಥಿತಿ ಹೋಗಿತ್ತು. ಆಮೇಲೆ ಫ್ಲಾರಿಡಾದ ರೇಂಜ್ ಒಂದರಲ್ಲಿ ಗುಂಡು ಹಾರಿಸಿದ್ದಕ್ಕೆ ಕೇಸಾಯಿತು. ತಾನು ಅಕ್ರಮವಾಗಿ ದೇಶದಲ್ಲಿದ್ದೇನೆಂದು ಅವನಿಗೆ ಗೊತ್ತಿತ್ತೆಂದು ಸಾಬೀತು ಮಾಡಬೇಕಿಲ್ಲ ಎಂದು ಜ್ಯೂರಿಗೆ ಸೂಚನೆ ಹೋಗಿತ್ತು. ಆ ಅರಿವನ್ನೂ ಸರ್ಕಾರ ಸಾಬೀತು ಮಾಡಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ತನ್ನದು ವಿದ್ಯಾರ್ಥಿ ವೀಸಾ ಎಂದು ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತು, ಆದ್ದರಿಂದ ಈ ತೀರ್ಪು ಅವನ ರಕ್ಷಣೆಗೆ ಬರುವುದು ಕಷ್ಟ.

ಪ್ರಶ್ನೆ: ಬೆಳೆ ಕಾಯಲು ಲೈಸೆನ್ಸ್ ಪಡೆದಿದ್ದ ತಂದೆ ತೀರಿಕೊಂಡರು. ಬಂದೂಕು ಮನೆಯಲ್ಲೇ ಇದೆ. ಏನು ಮಾಡಬೇಕು?
– ಓದುಗರು, ಶ್ರೀನಿವಾಸಪುರ

ಉತ್ತರ: ಲೈಸೆನ್ಸ್ ತಂದೆಯ ಹೆಸರಿನದು, ನಿಮಗೆ ತಾನಾಗಿ ಬರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಅನಗತ್ಯವಾಗಿ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಠೇವಣಿ ಇಡಿ. ಮೊದಲು ಠಾಣೆಗೆ ವಿಷಯ ತಿಳಿಸಿ, ಮರಣ ಪ್ರಮಾಣಪತ್ರ ಮತ್ತು ಮೂಲ ಲೈಸೆನ್ಸ್ ಪುಸ್ತಕದ ಜೊತೆ ಹೋಗಿ. ಬಂದೂಕಿನ ನಂಬರ್, ಉಳಿದ ಮದ್ದುಗುಂಡಿನ ಲೆಕ್ಕ, ದಿನಾಂಕ, ಮೊಹರು ನಾಲ್ಕೂ ಇರುವ ರಸೀದಿ ಪಡೆಯಿರಿ. ಬೇಕಿದ್ದರೆ ವಾರಸುದಾರರಾಗಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ, ವಂಶವೃಕ್ಷ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸಿದ್ಧವಿರಲಿ. ಲೈಸೆನ್ಸ್ ಕೈಸೇರಿದ ಮೇಲೆ ಅದೇ ರಸೀದಿ ತೋರಿಸಿ ಬಂದೂಕು ಬಿಡಿಸಿಕೊಳ್ಳಬಹುದು.