ಓದುಗರ ಪ್ರಶ್ನೆ: ಚಂಡಮಾರುತದ ಊರನ್ನು ಬಿಟ್ಟು ಹೊರಡಲೇ?

ಪ್ರಶ್ನೆ

ಮಾನ್ಯರೇ, ನಾವು ಮೂಲತಃ ಕುಂದಾಪುರದ ಕಡೆಯವರು. 2003ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಫೋರ್ಟ್ ಮೈಯರ್ಸ್‌ನಲ್ಲಿ ಮನೆ ಕೊಂಡೆವು. ಗೃಹಪ್ರವೇಶವಾದ ಮರುವರ್ಷವೇ ಚಾರ್ಲಿ ಚಂಡಮಾರುತ ಬಂದು ಚಾವಣಿಯ ಹೊದಿಕೆಯನ್ನು ಕಿತ್ತುಕೊಂಡು ಹೋಯಿತು, ಅದರ ಮುಂದಿನ ವರ್ಷ ವಿಲ್ಮಾ ಬಂತು. 2017ರಲ್ಲಿ ಇರ್ಮಾ ಬಂದಾಗ ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಅಷ್ಟನ್ನೂ ತಡೆದುಕೊಂಡೆವು. ಆದರೆ 2022ರ ಸೆಪ್ಟೆಂಬರಿನಲ್ಲಿ ಇಯಾನ್ ಬಂದಾಗ ಕಲೂಸಹ್ಯಾಚಿ ನದಿಯ ಕಡೆಯಿಂದ ನುಗ್ಗಿದ ನೀರು ಮನೆಯೊಳಗೆ ಸೊಂಟದವರೆಗೆ ನಿಂತಿತು. ಬೂಷ್ಟು ಹಿಡಿಯಬಾರದೆಂದು ಎಲ್ಲ ಕೋಣೆಗಳ ಗೋಡೆಯ ಹಲಗೆಯನ್ನು ನೆಲದಿಂದ ನಾಲ್ಕು ಅಡಿಯವರೆಗೆ ಕತ್ತರಿಸಿ ತೆಗೆದರು. ಮನೆ ಮತ್ತೆ ವಾಸಕ್ಕೆ ಸಿದ್ಧವಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ದೇವರ ಕೋಣೆಯ ಬಾಗಿಲಿನ ದಾರಂದದ ಮೇಲೆ ನೀರು ನಿಂತ ಗೆರೆ ಇಂದಿಗೂ ಇದೆ. ಅದಕ್ಕೆ ಬಣ್ಣ ಬಳಿಯಲು ನಮ್ಮ ಯಜಮಾನರು ಬಿಡಲಿಲ್ಲ. 2024ರಲ್ಲಿ ಹೆಲೀನ್ ಮತ್ತು ಮಿಲ್ಟನ್ ಎರಡು ವಾರಗಳ ಒಳಗೆ ಒಂದರ ಹಿಂದೆ ಒಂದು ಬಂದು, ಎರಡು ಸಲವೂ ಗ್ಯಾರೇಜಿನವರೆಗೆ ನೀರು ಬಂತು. ಎಂಬತ್ನಾಲ್ಕು ವರ್ಷದ ಅತ್ತೆಯವರನ್ನು ವೀಲ್‌ಚೇರ್ ಸಮೇತ ಕಾರಿಗೆ ಹತ್ತಿಸಿಕೊಂಡು, ಅಲಿಗೇಟರ್ ಆ್ಯಲಿ ಹೆದ್ದಾರಿ ದಾಟಿ ಪೂರ್ವ ಕರಾವಳಿಗೆ ಹೋಗುವುದು ಇನ್ನು ನನ್ನಿಂದಾಗದು.

ಮಗ ಉತ್ತರ ಕೆರೊಲಿನಾ ರಾಜ್ಯದ ಷಾರ್ಲಟ್‌ನಲ್ಲಿದ್ದಾನೆ, ಬಂದುಬಿಡಿ ಎನ್ನುತ್ತಾನೆ. ಯಜಮಾನರು, "ಊರಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತ ಆಗುತ್ತದೆ, ಮರವಂತೆಯವರು ಊರು ಬಿಟ್ಟರೇ? ಇಷ್ಟು ಹಣ ಸುರಿದ ಮೇಲೆ ಈಗ ಹೊರಡುವುದೇ?" ಎನ್ನುತ್ತಾರೆ. ಅವರಿಗೆ ನಿವೃತ್ತಿಗೆ ಇನ್ನು ನಾಲ್ಕು ವರ್ಷ, ಕೆಲಸ ಮನೆಯಿಂದಲೇ. ನನಗೆ ಜೂನ್ ಬಂತೆಂದರೆ ನಿದ್ರೆ ಇಲ್ಲ. ಇದು ನನ್ನ ಹೇಡಿತನವೇ? ಹೊರಡುವುದಾದರೆ ಏನೇನು ನೋಡಬೇಕು? ಉಪ್ಪುನೀರಿಗೆ ಸತ್ತ ಕರಿಬೇವಿನ ಜಾಗದಲ್ಲಿ ಮತ್ತೊಂದು ಗಿಡ ಬೆಳೆಸಿದ್ದೇನೆ, ಅದನ್ನು ಒಯ್ಯಬಹುದೇ?

— ಹೆಸರು ಬೇಡ, ಫ್ಲೋರಿಡಾ

ಉತ್ತರ

ಸೋದರಿ, ನಿಮ್ಮ ಪತ್ರದಲ್ಲಿ ಆರು ಚಂಡಮಾರುತಗಳ ಹೆಸರಿವೆ. ಅವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಹದಿನಾಲ್ಕು ತಿಂಗಳು. ಇಯಾನ್ ಸೆಪ್ಟೆಂಬರ್ 28ರ ಮಧ್ಯಾಹ್ನ ಕೇಯೋ ಕೋಸ್ಟಾ ದ್ವೀಪದ ಬಳಿ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ದಡ ಮುಟ್ಟಿ, ಮರುದಿನ ರಾಜ್ಯವನ್ನೇ ದಾಟಿ ಅಟ್ಲಾಂಟಿಕ್ ಸೇರಿತು. ಹಾನಿಯ ಲೆಕ್ಕ ಹಾಕುವ ಇನ್ಶೂರೆನ್ಸ್ ಕಂಪನಿಯ ಅಡ್ಜಸ್ಟರ್‌ಗಾಗಿ ಕಾದದ್ದು, ಕಂಟ್ರಾಕ್ಟರನ ಹಿಂದೆ ಅಲೆದದ್ದು, ಅರ್ಧ ಗೋಡೆಯ ಮನೆಯಲ್ಲಿ ನಿಂತು ಟೈಲ್ಸ್ ಆರಿಸಿದ್ದು, ಇವೆಲ್ಲ ಅದು ಹೋದ ಮೇಲೆ ಶುರುವಾದ ಕೆಲಸ. ಆದ್ದರಿಂದ ಮುಂದಿನ ಚಂಡಮಾರುತ ಬಂದೀತೇ ಎಂಬ ಲೆಕ್ಕಕ್ಕೆ ಕೂರಬೇಡಿ. ಬರುತ್ತದೆ, ಯಾವ ವರ್ಷ ಎಂದು ಯಾರೂ ಹೇಳಲಾರರು. ಇನ್ನೊಮ್ಮೆ ಅಂಥ ಹದಿನಾಲ್ಕು ತಿಂಗಳು ಎದುರಾದರೆ, ಅತ್ತೆಯವರನ್ನು ಜೊತೆಗಿಟ್ಟುಕೊಂಡು ಅದನ್ನು ಹೊರುವ ಶಕ್ತಿ ನಿಮ್ಮಿಬ್ಬರಲ್ಲಿ ಉಳಿದಿದೆಯೇ ಎಂದು ಕೇಳಿಕೊಳ್ಳಿ. ಪತ್ರವನ್ನು ಎರಡು ಸಲ ಓದಿದೆ. ಉಳಿದಿಲ್ಲ ಎಂದೇ ನನಗೆ ತೋರುತ್ತದೆ. ಹಾಗಿದ್ದರೆ ಹೊರಡಿ ಎಂಬುದು ನನ್ನ ಅಭಿಪ್ರಾಯ.

ಇಪ್ಪತ್ತು ವರ್ಷ ನಿಂತು ಎದುರಿಸಿದವರು ತಮ್ಮನ್ನು ಹೇಡಿ ಎಂದುಕೊಳ್ಳುವುದು ನನಗೆ ಸಂಕಟ ತರುತ್ತದೆ. ಮರವಂತೆಯ ಹೋಲಿಕೆಯೂ ನಿಮಗೆ ಒಪ್ಪುವುದಿಲ್ಲ. ಅಲ್ಲಿನ ಮೀನುಗಾರರ ದೋಣಿ, ಬಲೆ, ಬಂದರು, ನೆಂಟರಿಷ್ಟರು ಎಲ್ಲ ಆ ದಂಡೆಯಲ್ಲೇ ಇದ್ದಾರೆ. ಕಡಲೇ ಅವರ ಅನ್ನ. ನಿಮ್ಮ ಯಜಮಾನರ ಅನ್ನ ಒಂದು ಲ್ಯಾಪ್‌ಟಾಪಿನಲ್ಲಿದೆ, ಅದು ಷಾರ್ಲಟ್‌ನಲ್ಲೂ ತೆರೆದುಕೊಳ್ಳುತ್ತದೆ.

ಸುರಿದ ಹಣದ ಮಾತು. ನೀವು ಅಲ್ಲೇ ಉಳಿದರೂ ಆ ಹಣ ಮರಳಿ ಬರುವುದಿಲ್ಲ, ಹೋದರೂ ಬರುವುದಿಲ್ಲ; ಲೆಕ್ಕ ಇವತ್ತಿನಿಂದ ಆರಂಭವಾಗಲಿ. ಸಾಮಾನ್ಯ ಮನೆ ವಿಮೆ ಪ್ರವಾಹದ ನೀರಿಗೆ ಹಣ ಕೊಡುವುದಿಲ್ಲ ಎಂಬುದು ನಿಮಗೆ ಈಗಾಗಲೇ ಗೊತ್ತಿರುತ್ತದೆ. ಕೇಂದ್ರ ಸರ್ಕಾರದ ಪ್ರವಾಹ ವಿಮೆ ಒಂದು ಮನೆಯ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್ ಕೊಡುತ್ತದೆ. ಇನ್ನು ಗಾಳಿಯ ಹಾನಿಗೆ, ಹರಿಕೇನ್ (ಪ್ರಬಲ ಚಂಡಮಾರುತ) ಎಂದು ಘೋಷಣೆಯಾದಾಗ, ನಿಮ್ಮ ಕೈಯಿಂದ ಹೋಗುವ ಮೊದಲ ಪಾಲನ್ನು ವಿಮೆಯ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ಹಿಡಿಯುತ್ತಾರೆ: ಮನೆಗೆ 4,00,000 ಡಾಲರ್ ವಿಮೆಯಿದ್ದು ಆ ಪಾಲು ಶೇ 5 ಆಗಿದ್ದರೆ, ಮೊದಲ 20,000 ಡಾಲರ್ ನಿಮ್ಮದೇ. ಇದರ ಮೇಲೆ ಇನ್ನೊಂದು ನಿಯಮವಿದೆ. ಪ್ರವಾಹ ವಲಯದ ಮನೆಯ ದುರಸ್ತಿ ವೆಚ್ಚ ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧವನ್ನು ಮುಟ್ಟಿದರೆ, ಇಡೀ ಮನೆಯನ್ನು ಇಂದಿನ ನಿಯಮಕ್ಕೆ ಹೊಂದಿಸಬೇಕು. ಹಳೆಯ ತಗ್ಗು ಮನೆಯಾದರೆ ಎತ್ತರಿಸಬೇಕು, ಇಲ್ಲವೇ ಕೆಡವಿ ಕಟ್ಟಬೇಕು. ಯಜಮಾನರ ಮುಂದೆ ಇಡಬೇಕಾದದ್ದು ಈ ಅಂಕಿಗಳನ್ನು.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. 1992ರಲ್ಲಿ ಆ್ಯಂಡ್ರೂ ದಕ್ಷಿಣ ಫ್ಲೋರಿಡಾದ ಹೋಮ್‌ಸ್ಟೆಡ್ ಊರನ್ನು ನೆಲಸಮ ಮಾಡಿದ ಮೇಲೆ ಕಟ್ಟಡದ ನಿಯಮಗಳು ಬಿಗಿಯಾಗಿ, 2002ರಿಂದ ರಾಜ್ಯಕ್ಕೆಲ್ಲ ಒಂದೇ ಸಂಹಿತೆ ಬಂತು. ಆಮೇಲೆ ಕಟ್ಟಿದ ಮನೆಗಳು ಗಾಳಿಯನ್ನು ಚೆನ್ನಾಗಿ ತಡೆಯುತ್ತವೆ. ನಿಮ್ಮ ಮನೆಯೂ ಅಂಥದ್ದಾಗಿದ್ದರೆ ಅವರ ಭರವಸೆಗೆ ಆಧಾರವಿದೆ. ಆದರೆ ನಿಮ್ಮನ್ನು ಹೊರಗೆ ಹಾಕಿದ್ದು ನೀರು. ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಬಿಟ್ಟು ಚಂಡಮಾರುತ ನುಗ್ಗಿಸುವ ಕಡಲಿನ ಉಬ್ಬರಕ್ಕೆ ಬೇರೇನೂ ಲೆಕ್ಕಕ್ಕಿಲ್ಲ.

ಇದೇ ಕಾರಣಕ್ಕೆ ಷಾರ್ಲಟ್ ಬಗ್ಗೆಯೂ ಎಚ್ಚರ ಇರಲಿ. ನಿಮ್ಮ ಗ್ಯಾರೇಜಿಗೆ ನೀರು ತಂದ ಅದೇ ಹೆಲೀನ್, ಷಾರ್ಲಟ್ ಇರುವ ರಾಜ್ಯದಲ್ಲೇ, ಕಡಲಿನಿಂದ ನೂರಾರು ಕಿಲೋಮೀಟರ್ ದೂರದ, ಗುಡ್ಡಗಾಡಿನ ಆಶ್‌ವಿಲ್ ಪಟ್ಟಣದಲ್ಲಿ ಫ್ರೆಂಚ್ ಬ್ರಾಡ್ ಮತ್ತು ಸ್ವಾನನೋವಾ ನದಿಗಳನ್ನು ಉಕ್ಕಿಸಿ ಮನೆ, ರಸ್ತೆ, ಕುಡಿಯುವ ನೀರಿನ ಕೊಳವೆಗಳನ್ನು ಕೊಚ್ಚಿಕೊಂಡು ಹೋಯಿತು. ಅದಕ್ಕೂ ಮೊದಲು ಆ ಪಟ್ಟಣವನ್ನು ಹವಾಮಾನದ ಅನಾಹುತಗಳಿಂದ ದೂರವಿರುವ ಆಸರೆ ಎಂದು ಹಲವರು ನಂಬಿದ್ದರು. ಷಾರ್ಲಟ್‌ಗೂ 1989ರಲ್ಲಿ ಹ್ಯೂಗೋ ಒಳನಾಡಿನವರೆಗೆ ಬಂದು ಮರಗಳನ್ನು ಉರುಳಿಸಿತ್ತು. ಹೋಗಬೇಡಿ ಎನ್ನುತ್ತಿಲ್ಲ, ಅಪಾಯ ಬಹಳ ಕಡಿಮೆಯಾಗುತ್ತದೆ. ಆದರೆ ಮನೆ ನೋಡುವಾಗ ಅಡುಗೆಮನೆಗಿಂತ ಮೊದಲು ಹಿತ್ತಲಿನ ಇಳಿಜಾರನ್ನು ನೋಡಿ, ಹತ್ತಿರದ ಹಳ್ಳ ಎಲ್ಲಿ ಹರಿಯುತ್ತದೆ ನೋಡಿ, ಜೋರು ಮಳೆಯ ಮರುದಿನ ಆ ಬೀದಿಗೆ ಹೋಗಿ ಎದುರು ಮನೆಯವರನ್ನು ವಿಚಾರಿಸಿ. ಸರ್ಕಾರದ ಪ್ರವಾಹ ನಕ್ಷೆಯನ್ನೂ ನೋಡಬೇಕು, ಆದರೆ ಅದರಲ್ಲಿನ ಪ್ರವಾಹ ವಲಯದ ಗೆರೆಯ ಆಚೆಗಿನ ಮನೆಗಳಿಗೂ ನೀರು ನುಗ್ಗಿದ್ದು ಉಂಟು.

ಒಮ್ಮೆಲೇ ಮಾರಿ ಹೊರಡುವ ಬದಲು, ಮುಂದಿನ ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಕಾಲವನ್ನು ಮಗನ ಮನೆಯ ಹತ್ತಿರ ಬಾಡಿಗೆಗೆ ಹಿಡಿದು ಕಳೆಯಿರಿ. ಯಜಮಾನರ ಕೆಲಸ ಅಲ್ಲಿಂದ ಸಾಗುತ್ತದೆಯೇ, ಅತ್ತೆಯವರಿಗೆ ಹೊಸ ವೈದ್ಯರು ಒಗ್ಗುತ್ತಾರೆಯೇ, ನಿಮಗೆ ನಿದ್ರೆ ಬರುತ್ತದೆಯೇ ಎಂಬುದು ಆರು ತಿಂಗಳಲ್ಲಿ ಗೊತ್ತಾಗುತ್ತದೆ. ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಉತ್ತರ ಕೆರೊಲಿನಾದಲ್ಲಿದೆ. ಆ ಖರ್ಚನ್ನೂ ಸೇರಿಸಿಕೊಳ್ಳಿ. ಮಾರುವುದಾದರೆ ಚಳಿಗಾಲದಲ್ಲಿ ಮಾರಿ. ಹೆಸರಿಟ್ಟ ಚಂಡಮಾರುತವೊಂದು ಹತ್ತಿರ ಬಂದಾಗ ವಿಮಾ ಕಂಪನಿಗಳು ಹೊಸ ಪಾಲಿಸಿ ಬರೆಯುವುದನ್ನೇ ನಿಲ್ಲಿಸುತ್ತವೆ, ಪಾಲಿಸಿ ಇಲ್ಲದೆ ಕೊಳ್ಳುವವರಿಗೆ ಸಾಲ ಸಿಗುವುದಿಲ್ಲ, ಮುಗಿಯುವ ಹಂತದ ವ್ಯವಹಾರ ಹಾಗೆಯೇ ನಿಂತುಬಿಡುತ್ತದೆ. ಪ್ರವಾಹದ ಕ್ಲೇಮ್ ಮಾಡಿದ್ದರೆ ಅದನ್ನು ಕೊಳ್ಳುವವರಿಗೆ ಬರೆದು ತಿಳಿಸಬೇಕೆಂದು 2024ರ ಅಕ್ಟೋಬರ್ 1ರಿಂದ ಫ್ಲೋರಿಡಾದಲ್ಲಿ ಕಾನೂನಿದೆ. ಕಾನೂನು ಇಲ್ಲದಿದ್ದರೂ ನೀವು ತಿಳಿಸುತ್ತಿದ್ದಿರಿ ಎಂದು ನಂಬಿದ್ದೇನೆ. ಆ ಹದಿನಾಲ್ಕು ತಿಂಗಳನ್ನು ಗೊತ್ತಿಲ್ಲದವರ ತಲೆಗೆ ಕಟ್ಟುವವರು ನೀವಲ್ಲ.

ಯಜಮಾನರೊಂದಿಗೆ ಮಾತನಾಡಲು ಟಿವಿಯಲ್ಲಿ ಚಂಡಮಾರುತದ ನಕ್ಷೆ ಕಾಣಿಸಿಕೊಳ್ಳುವ ದಿನವನ್ನು ಆರಿಸಬೇಡಿ. ಫೆಬ್ರುವರಿಯ ಒಂದು ತಿಳಿಯಾದ ಸಂಜೆ ಆ ದಾರಂದದ ಬಳಿಯೇ ಕುಳಿತು, ಆ ಗೆರೆಯನ್ನು ಯಾಕೆ ಉಳಿಸಿಕೊಂಡಿರಿ ಎಂದು ಮೆಲ್ಲಗೆ ಕೇಳಿ. ಬಣ್ಣ ಬಳಿಯಲು ಬಿಡದವರು ಆ ನೀರನ್ನು ಮರೆತಿರಲಾರರು. ಅವರ ಉತ್ತರವನ್ನು ಪೂರ್ತಿ ಕೇಳಿದ ಮೇಲೆ ನಿಮ್ಮ ಅಂಕಿಗಳನ್ನು ತೆಗೆಯಿರಿ.

ಕರಿಬೇವಿನ ಗಿಡವನ್ನು ಕಾರಿನಲ್ಲಿಟ್ಟುಕೊಂಡು ಹೊರಡಬೇಡಿ. ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುವ ಸಣ್ಣ ಕೀಟವೊಂದು ಕರಿಬೇವಿನ ಮೇಲೂ ಬದುಕುವುದರಿಂದ, ಆ ಗಿಡವನ್ನು ಫ್ಲೋರಿಡಾದಿಂದ ಹೊರಗೆ ಸಾಗಿಸಲು ಕೇಂದ್ರ ಕೃಷಿ ಇಲಾಖೆಯ ನಿರ್ಬಂಧವಿದೆ. ನೆರೆಮನೆಯವರಿಗೋ ಗೆಳತಿಗೋ ಕೊಟ್ಟುಹೋಗಿ. ಷಾರ್ಲಟ್‌ನಲ್ಲಿ ನರ್ಸರಿಯಿಂದ ಹೊಸ ಸಸಿ ತಂದು ಕುಂಡದಲ್ಲೇ ಬೆಳೆಸಿ. ಅಲ್ಲಿ ಚಳಿಗಾಲಕ್ಕೆ ಹಿಮ ಬೀಳುವುದುಂಟು, ಆ ತಿಂಗಳುಗಳಲ್ಲಿ ಅದನ್ನು ಬಿಸಿಲು ಬರುವ ಕಿಟಕಿಯ ಬಳಿ ಮನೆಯೊಳಗೆ ಇಡಬೇಕಾಗುತ್ತದೆ.