ಎಷ್ಟು ಸೇದುತ್ತೀಯ ಎಂದು ಕೇಳಿದರೆ ಸಾಲದು

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಸುತ್ತಮುತ್ತಲಿನ ಹದಿಹರೆಯದವರಿಗೆ ನಾನು ಆಪ್ತಸಲಹೆಗಾರ್ತಿ. ಇಲ್ಲಿ ಬರೆಯುತ್ತಿರುವಂಥ ಪ್ರಕರಣ ನನ್ನ ಮುಂದೆ ಮತ್ತೆ ಮತ್ತೆ ಬರುತ್ತದೆ. ಹೆಸರು ಬೇರೆ, ಮನೆ ಬೇರೆ, ಸಂಕಟ ಮಾತ್ರ ಅದೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 16 ವರ್ಷ. ಕಪ್ಪು ಸಮುದಾಯದವನು. ಅಮ್ಮನಿಗೆ ರಾತ್ರಿ ಪಾಳಿ, ಭಾನುವಾರ ತಪ್ಪದೆ ಚರ್ಚ್. ಬ್ಯಾಗಿನಲ್ಲಿ ಗಾಂಜಾ ಎಣ್ಣೆಯ ವೇಪ್ (ಇ-ಸಿಗರೇಟ್) ಸಿಕ್ಕಿತೆಂದು ಶಾಲೆಯವರು ಕೆಲವು ದಿನ ಹೊರಗಿಟ್ಟು, ಆಮೇಲೆ ನನ್ನ ಹತ್ತಿರ ಕಳಿಸಿದ್ದರು. ಜೊತೆಗೆ ಬಂದ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ಮಾದಕ ವಸ್ತು ಬಳಕೆ.

ಮೊದಮೊದಲು ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಎಷ್ಟು ಸೇದುತ್ತೀಯ, ಯಾರು ಕೊಡುತ್ತಾರೆ, ಯಾವಾಗ ಶುರುವಾಯಿತು? ಇದನ್ನೆಲ್ಲ ಅವನಿಗೆ ಪ್ರಿನ್ಸಿಪಾಲರೂ ಕೇಳಿದ್ದರು, ಅಮ್ಮನೂ ಕೇಳಿದ್ದರು. ಉತ್ತರಗಳು ಬಾಯಿಪಾಠ ಆಗಿದ್ದವು. ಒಂದು ದಿನ ಬೇರೆ ಥರ ಕೇಳಿದೆ. “ಸೇದಿದ ಮೇಲೆ ನಿನಗೆ ಯಾವುದು ಸುಲಭ ಆಗುತ್ತೆ?”

ಅವನು ಹೂಡಿ ಜಾಕೆಟ್ಟಿನ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ನಾನು ಸುಮ್ನೆ ಕೂತಿದ್ದೆ. ಕೊನೆಗೆ ಹೇಳಿದ: “ಅದಿಲ್ಲದೆ ಇದ್ರೆ ಅವನ ಪಕ್ಕ ಕೂರೋಕೂ ನನಗೆ ಧೈರ್ಯ ಬರಲ್ಲ.”

ಹೇಳಿದವನೇ ನನ್ನ ಮುಖ ನೋಡಿದ. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹುಡುಗ, ಈಗ ಕಣ್ಣು ತೆಗೆಯಲಿಲ್ಲ. ಹುಬ್ಬು ಏರಿದರೂ ಸಾಕು, ಆ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. “ಹೇಳಿದ್ದು ಒಳ್ಳೇದಾಯ್ತು” ಎಂದೆ. ಆಮೇಲೆ ಕೇಳಲೇಬೇಕಾದ್ದನ್ನು ಕೇಳಿದೆ: ಅವನ ವಯಸ್ಸೆಷ್ಟು, ಯಾವತ್ತಾದರೂ ಬಲವಂತ ಇತ್ತಾ? ಇದು ಕುತೂಹಲದ ಪ್ರಶ್ನೆಯಲ್ಲ. ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ ವರದಿ ಮಾಡುವುದು ಕಾನೂನಿನ ಪ್ರಕಾರ ನನ್ನ ಕರ್ತವ್ಯ. ಆತ ಇದೇ ವಯಸ್ಸಿನ ಸಹಪಾಠಿ, ಬಲವಂತ ಏನೂ ಇರಲಿಲ್ಲ. ಶುಕ್ರವಾರ ರಾತ್ರಿ ಯಾರದೋ ಮನೆ, ಒಂದಿಷ್ಟು ವೇಪ್, ಒಂದಿಷ್ಟು ಬಿಯರ್. ಕಾಂಡೋಮ್ ಬಗ್ಗೆ ಕೇಳಿದೆ. “ಆ ಹೊತ್ತಲ್ಲಿ ಅದೆಲ್ಲ ಯಾರಿಗೆ ನೆನಪಿರುತ್ತೆ?” ಎಂದ.

ನಾನು ಹೇಳಬೇಕಾದ್ದೆಲ್ಲ ಆ ಮಾತಿನಲ್ಲೇ ಇದೆ. ದೊಡ್ಡವರು ಡ್ರಗ್ಸ್ ಬಗ್ಗೆ ಒಂದು ದಿನ ಪಾಠ ಮಾಡುತ್ತಾರೆ, ಎಚ್‌ಐವಿ ಬಗ್ಗೆ ಇನ್ನೊಂದು ದಿನ. ಅದಕ್ಕೊಂದು ಫಾರಂ, ಇದಕ್ಕೊಂದು ಫಾರಂ. ಮಕ್ಕಳ ಬದುಕಿನಲ್ಲಿ ಎರಡೂ ಒಂದೇ ರಾತ್ರಿ ನಡೆಯುತ್ತವೆ. ವೇಪ್ ಒಂದನ್ನೇ ಹಿಡಿದು ಕೂತಿದ್ದರೆ ನಾನು ಅವನ ಶ್ವಾಸಕೋಶದ ಚಿತ್ರ ತೋರಿಸಿ ಮನೆಗೆ ಕಳಿಸುತ್ತಿದ್ದೆ.

ಅಪಾಯ ಸಣ್ಣದಲ್ಲ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ಎಂಟರಲ್ಲಿ ಒಬ್ಬರಷ್ಟು. ಹೊಸದಾಗಿ ಎಚ್‌ಐವಿ ಪತ್ತೆಯಾಗುವವರಲ್ಲಿ ಮಾತ್ರ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಹೊಸ ಪ್ರಕರಣಗಳಲ್ಲಿ ಐದರಲ್ಲಿ ಒಂದು 13ರಿಂದ 24 ವರ್ಷದವರದ್ದು. “ಅವರ ನಡತೆಯೇ ಹಾಗೆ” ಎನ್ನುವವರು ಒಂದು ವಿಷಯ ತಿಳಿದುಕೊಳ್ಳಲಿ. 2006ರಲ್ಲಿ ಸಂಶೋಧಕ ಗ್ರೆಗೊರಿಯೊ ಮಿಲೆಟ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಸಲಿಂಗಿ ಕಪ್ಪು ಪುರುಷರು ಬಿಳಿಯರಿಗಿಂತ ಹೆಚ್ಚು ಅಜಾಗರೂಕರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಸುತ್ತಲಿನವರಲ್ಲಿ ಸೋಂಕು ಆಗಲೇ ಜಾಸ್ತಿ ಇದ್ದು, ಪರೀಕ್ಷೆ ಮತ್ತು ಔಷಧಿ ತಡವಾಗಿ ಸಿಕ್ಕರೆ, ಅಷ್ಟೇ ತಪ್ಪಿಗೆ ಒಬ್ಬ ಹುಡುಗ ತೆರುವ ಬೆಲೆ ದೊಡ್ಡದಾಗುತ್ತದೆ. ಪಕ್ಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಡಾಕ್ಟರುಗಳು ನೂರಾರು ಕಪ್ಪು ಪುರುಷರ ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತ ಕೂತರು. ಆ ನೆನಪಿರುವ ಮನೆಯವರು ಆಸ್ಪತ್ರೆಯನ್ನು ಸುಲಭಕ್ಕೆ ನಂಬುವುದಿಲ್ಲ. ನಂಬಿ ಎಂದು ಅವರನ್ನು ಗದರಿಸುವ ಹಕ್ಕು ನಮಗಿಲ್ಲ.

ಅವತ್ತೇ ಪರೀಕ್ಷೆ ಮಾಡಿಸೋಣವಾ ಎಂದು ಕೇಳಿದೆ. ಒಪ್ಪಿದ. ಬೆರಳ ತುದಿಯಿಂದ ಒಂದು ಹನಿ ರಕ್ತ, ಇಪ್ಪತ್ತು ನಿಮಿಷ. ನೆಗೆಟಿವ್ ಬಂತು. ಆದರೆ ಇತ್ತೀಚೆಗೆ ಸೋಂಕು ತಗುಲಿದ್ದರೆ ಈ ಪರೀಕ್ಷೆಯಲ್ಲಿ ಕಾಣದೇ ಇರಬಹುದು. ಅದಕ್ಕೇ ಮತ್ತೆ ಬರಬೇಕೆಂದು ದಿನ ಗೊತ್ತುಮಾಡಿದೆ. ಮುಂದೆ ಎಡವಟ್ಟಾದರೆ 72 ಗಂಟೆಯೊಳಗೆ ಶುರು ಮಾಡಬೇಕಾದ ಔಷಧಿ ಇದೆ, ನಾಚಿಕೊಂಡು ಸೋಮವಾರದವರೆಗೆ ಕಾಯಬೇಡ ಎಂದೆ. ಪ್ರೆಪ್ ಬಗ್ಗೆಯೂ ಹೇಳಿದೆ. ಸೋಂಕು ಬರುವ ಮುಂಚೆಯೇ ತಡೆಯುವ ಮಾತ್ರೆ ಅದು. ದೊಡ್ಡವರಿಗೆ 2012ರಲ್ಲಿ ಒಪ್ಪಿಗೆ ಸಿಕ್ಕಿತು, ಕನಿಷ್ಠ 35 ಕಿಲೋ ತೂಕದ ಹದಿಹರೆಯದವರಿಗೆ 2018ರಲ್ಲಿ.

ವೇಪ್ ಬಿಡು ಎಂದು ಅವತ್ತು ನಾನು ಹೇಳಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಆ ಹುಡುಗನನ್ನು ಬರ್ಗರ್ ಅಂಗಡಿಯಲ್ಲಿ, ಏನನ್ನೂ ಸೇದದೆ ಭೇಟಿಯಾಗು ಎಂದೆ. ಅವನಿಗೆ ಬೇಕಿದ್ದದ್ದು ಧೈರ್ಯ. ಅದು ಬೇರೆ ಕಡೆ ಸಿಗದೆ ಇದ್ದರೆ ವೇಪ್ ಹೇಗೆ ಬಿಡುತ್ತಾನೆ? ಆದರೆ ಪಾರ್ಟಿಯಲ್ಲಿ ಯಾರಾದರೂ ಮಾತ್ರೆ ಕೊಟ್ಟರೆ ಖಂಡಿತ ಮುಟ್ಟಬೇಡ ಎಂದೆ. ಎಷ್ಟೋ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಎಂಬ ತೀರಾ ಪ್ರಬಲವಾದ ಮಾದಕ ಔಷಧಿ ಇರುತ್ತದೆ, ಒಂದೇ ಮಾತ್ರೆ ಜೀವ ತೆಗೆಯಬಹುದು. ಅಂಥ ಮಾತ್ರೆಯಿಂದ ಉಸಿರು ನಿಲ್ಲುತ್ತಿರುವವರನ್ನು ಉಳಿಸಬಲ್ಲ ನಲೋಕ್ಸೋನ್ ಮೂಗಿನ ಸ್ಪ್ರೇ ಈಗ ಡಾಕ್ಟರ ಚೀಟಿ ಇಲ್ಲದೆಯೂ ಸಿಗುತ್ತದೆ. ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಲು ಹೇಳಿದೆ.

ಪ್ರೆಪ್ ಮಾತ್ರೆಯ ಮಾತು ಬಂದಾಗೆಲ್ಲ ನನಗೆ ಬೈಗುಳ ಬೀಳುತ್ತದೆ. “ಇದು ಮಕ್ಕಳಿಗೆ ಲೈಸೆನ್ಸ್ ಕೊಟ್ಟ ಹಾಗಲ್ವಾ?” ಅಲ್ಲ. ಈ ಹುಡುಗ ಯಾರ ಲೈಸೆನ್ಸನ್ನೂ ಕೇಳಿರಲಿಲ್ಲ. ನನ್ನ ಹತ್ತಿರ ಬರುವ ಹೊತ್ತಿಗೆ ಎಲ್ಲ ನಡೆದಾಗಿತ್ತು. ಅವನು ಆರೋಗ್ಯವಾಗಿ 20 ದಾಟಬೇಕು. ನನಗೆ ಅದೇ ಮುಖ್ಯ.

ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದೂ ಕೇಳುತ್ತಾರೆ. ಅದು ಅವನ ವಿಷಯ, ಅವನೇ ಹೇಳಬೇಕು. ವೇಪ್ ಬಗ್ಗೆ ಮಾತ್ರ ಮಾತಾಡಬಹುದು ಎಂದ, ಅಮ್ಮನನ್ನು ಕರೆಸಿದೆ. ಎಲ್ಲ ತಂದೆತಾಯಿಗೂ ಕೇಳುವ ಪ್ರಶ್ನೆಯನ್ನು ಅವರಿಗೂ ಕೇಳಿದೆ: ಮನೆಯಲ್ಲಿ ಎಚ್‌ಐವಿ ಬಗ್ಗೆ ಯಾವತ್ತಾದರೂ ಮಾತಾಡಿದ್ದೀರಾ? ಅವರು ಸ್ವಲ್ಪ ಹೊತ್ತು ಬಿಟ್ಟು ತಮ್ಮ ಅಣ್ಣನ ಕಥೆ ಹೇಳಿದರು. 1994ರಲ್ಲಿ ತೀರಿಕೊಂಡನಂತೆ. ನಿಮೋನಿಯಾ ಎಂದೇ ಎಲ್ಲರಿಗೂ ಹೇಳಿದ್ದಂತೆ. ಮಗನಿಗೆ ಆವರೆಗೆ ಗೊತ್ತಿರಲಿಲ್ಲ. ಅದಾದ ಎರಡೇ ವರ್ಷಕ್ಕೆ ಒಳ್ಳೆಯ ಔಷಧಿಗಳು ಬಂದವು, ಈಗ ತಡೆಯುವ ಮಾತ್ರೆಯೂ ಇದೆ ಎಂದೆ. “ಇವನಿಗೆ ಕೊಡಿಸೋಕೆ ನಾನು ಎಲ್ಲಿ ಸಹಿ ಮಾಡಬೇಕು?” ಎಂದರು. ಯಾಕೆ ಬೇಕು ಎಂದು ಮಗನನ್ನು ಕೇಳಲಿಲ್ಲ.

ಇಂಥ ಮಾತು 11ನೇ ವರ್ಷಕ್ಕೇ ಶುರುವಾಗಬೇಕು. ಜಾರ್ಜಿಯಾ ವಿಶ್ವವಿದ್ಯಾಲಯದ ಜೀನ್ ಬ್ರೋಡಿ ಮತ್ತು ವೆಲ್ಮಾ ಮರ್ರಿ ಆ ವಯಸ್ಸಿನ ಕಪ್ಪು ಮಕ್ಕಳ ಕುಟುಂಬಗಳಿಗಾಗಿ ಏಳು ವಾರದ ಕಾರ್ಯಕ್ರಮ ಕಟ್ಟಿದರು. ಮೊದಲ ಒಂದು ಗಂಟೆ ದೊಡ್ಡವರು, ಮಕ್ಕಳು ಬೇರೆ ಬೇರೆ. ಎರಡನೇ ಗಂಟೆ ಒಟ್ಟಿಗೆ. ಅದರಲ್ಲಿ ಪಾಲ್ಗೊಂಡ ಮಕ್ಕಳಲ್ಲಿ ಕುಡಿತ ಶುರು ಮಾಡಿದವರು ಕಡಿಮೆ. ಅಲ್ಲಿ ಕಲಿಸಿದ್ದರಲ್ಲಿ ಮುಖ್ಯವಾದದ್ದು ಮನೆಯೊಳಗೆ ಮಾತಾಡುವುದು.

ಹುಡುಗ ಮಾತ್ರೆ ಶುರು ಮಾಡಿದ್ದಾನೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಾನೆ. ವೇಪ್ ಪೂರ್ತಿ ಬಿಟ್ಟಿಲ್ಲ, ಕಡಿಮೆ ಆಗಿದೆ.

ಇಲ್ಲಿನ ಕನ್ನಡ ಮನೆಗಳಿಗೂ ಒಂದು ಮಾತು. “ಅದು ಅವರ ಸಮಸ್ಯೆ, ನಮ್ಮ ಮಕ್ಕಳು ಹಾಗಲ್ಲ” ಎಂದು ನನಗೆ ಎದುರಿಗೇ ಹೇಳಿದವರಿದ್ದಾರೆ. ನಿಮ್ಮ ಮಕ್ಕಳೂ ಅದೇ ಶಾಲೆಗೆ ಹೋಗುತ್ತಾರೆ, ಅದೇ ಪಾರ್ಟಿಗೆ ಕರೆಸಿಕೊಳ್ಳುತ್ತಾರೆ. ಕನ್ನಡದಲ್ಲಿ ಮಾತಾಡಲು ಮುಜುಗರ ಆದರೆ ಇಂಗ್ಲಿಷಿನಲ್ಲೇ ಮಾತಾಡಿ. ಮಕ್ಕಳ ಡಾಕ್ಟರು “ಸ್ವಲ್ಪ ಹೊರಗೆ ಕೂತಿರಿ” ಎಂದರೆ ದಯವಿಟ್ಟು ಎದ್ದು ಹೋಗಿ. ಒಳಗೆ ಏನು ಕೇಳಿದರು ಎಂದು ಕಾರಿನಲ್ಲಿ ವಿಚಾರಣೆ ಮಾಡಬೇಡಿ. ಇನ್ಶೂರೆನ್ಸಿನವರ ಪತ್ರದಲ್ಲಿ ಎಚ್‌ಐವಿ ಪರೀಕ್ಷೆ ಎಂದು ಕಂಡರೆ ಅವತ್ತೇ ಕೂಗಾಡಬೇಡಿ. ಮಗು ತನ್ನ ಕಾಳಜಿ ತಾನು ಮಾಡಿಕೊಂಡಿದೆ. ಊಟ ಮುಗಿಯಲಿ, ಆಮೇಲೆ ಪಕ್ಕದಲ್ಲಿ ಕೂತು, ಹೇಗಿದ್ದೀಯ ಎಂದು ಕೇಳಿ.